ಹಿಂದುಮುಂದಾಗಿ ಗುಡ್ಡ ಹತ್ತಿದವರು

ಮೊನ್ನೆ ಶನಿವಾರಸಂತೆಯಿಂದ ಫೋನು ಬಂತು. ನೆಲ್ಯಹುದಿಕೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ತೀರಿಕೊಂಡರಂತೆ. ಹೇಳಿದವನು ಅವರ ಅಣ್ಣನ ಮೊಮ್ಮಗ. "ನಿದ್ದೇಲೇ ಹೋದ್ರು ಸಾರ್, ಏನೂ ತೊಂದ್ರೆ ಪಡ್ಲಿಲ್ಲ" ಎಂದ. ನಿದ್ದೆ ಎಂಬ ಮಾತು ಕೇಳಿ ನನಗೆ ದುಃಖಕ್ಕಿಂತ ಮೊದಲು ಒಂದು ಬಗೆಯ ಸಮಾಧಾನವಾಯಿತು. ನಾನು ಪಕ್ಕದಲ್ಲಿದ್ದಷ್ಟು ಕಾಲ ಆ ಹೆಂಗಸು ಕಣ್ತುಂಬ ನಿದ್ದೆ ಮಾಡಿದ್ದನ್ನು ನೋಡಿದ ನೆನಪಿಲ್ಲ. ಆಮೇಲೆ ಹೊಳೆಯಿತು, ಅವರಲ್ಲಿ ಸತ್ತವರನ್ನು ಕೂರಿಸಿಯೇ ಸಮಾಧಿ ಮಾಡುತ್ತಾರೆ. ಈಗಲೂ ಮಲಗಲು ಬಿಡಲಿಲ್ಲವಲ್ಲ ಅಂದುಕೊಂಡೆ.

ಆ ರಾತ್ರಿಯೇ ಎರಡು ಪುಟ ಬರೆದೆ. ಬೆಳಿಗ್ಗೆ ನನ್ನ ಹೆಂಡತಿಗೆ ಓದಲು ಕೊಟ್ಟೆ. ಅವಳು ಅವರೆಕಾಳು ಬಿಡಿಸುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

"ಡಬ್ಬದ ವಿಷಯ ತಪ್ಪು ಬರ್ದಿದೀರಿ."

"ಯಾಕೆ? ಕೊಕ್ಕೆಗೆ ನೇತಾಡ್ತಿತ್ತು. ನಾನೇ ಕಣ್ಣಾರೆ ನೋಡಿದೀನಿ."

"ಅವತ್ತು ನೇತಾಡ್ತಿರ್ಲಿಲ್ಲ. ಅವತ್ತು ನಾನು ಹಿಡ್ಕೊಂಡಿದ್ದೆ. ಮಡಿಕೇರಿವರೆಗೂ."

ಅಷ್ಟು ಹೇಳಿ ಮತ್ತೆ ಕಾಳು ಬಿಡಿಸತೊಡಗಿದಳು. ಎರಡೂ ಪುಟ ಹರಿದು ಹಾಕಿದೆ. ಇದು ಹೊಸದಾಗಿ ಬರೆಯುತ್ತಿರುವುದು. ನನ್ನ ದಿನಚರಿಯಲ್ಲಿ ಆ ದಿನದ ಬಗ್ಗೆ ಇರುವುದು ಒಂದೇ ಸಾಲು: "ಹೆಣ್ಣು ಮಗು. ಇಬ್ಬರೂ ಕ್ಷೇಮ. ಬಹಳ ಆಯಾಸ." ಆಯಾಸ ಯಾರಿಗೆ ಎಂದು ಬರೆದಿಲ್ಲ. ನನಗೇ ಇರಬೇಕು. ಡೈರಿ ಬರೆಯುವವರು ಮೊದಲು ಬರೆಯುವುದು ತಮ್ಮ ಆಯಾಸವನ್ನೇ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಮ್ಮಪ್ಪ ಅರಕಲಗೂಡು ಕಡೆಯಿಂದ ಬಂದು ಶಿರಂಗಾಲದಲ್ಲಿ ಹೊಲ ಮಾಡಿಕೊಂಡವರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ನೆಲ್ಯಹುದಿಕೇರಿ ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ನರ್ಸಮ್ಮ ಸರ್ಕಾರದ ಸೂಲಗಿತ್ತಿ ನರ್ಸು. ಸುತ್ತಲಿನ ಎಸ್ಟೇಟುಗಳ ಕೂಲಿ ಲೈನುಗಳಲ್ಲಿ, ಹೊಳೆದಂಡೆಯ ಗುಡಿಸಲುಗಳಲ್ಲಿ ಆಗುತ್ತಿದ್ದ ಹೆರಿಗೆಗಳಿಗೆಲ್ಲ ಅವರೊಬ್ಬರೇ. ಎರಡು ಹೆಂಚಿನ ಮನೆಗಳಿಗೆ ಒಂದೇ ಗೋಡೆ. ಆ ಕಡೆ ಅವರು, ಈ ಕಡೆ ನಾವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ. ಕನ್ನಡದವರಿಗೆ ನರ್ಸಮ್ಮ, ಮಲಯಾಳದವರಿಗೆ ಸಿಸ್ಟರು, ಲೈನಿನ ತಮಿಳು ಹೆಂಗಸರಿಗೆ ಬರೀ ಅಮ್ಮ.

ಅವರ ಹತ್ತಿರ ಒಂದು ಕಾರಿತ್ತು. ನನ್ನ ನೆನಪಿನಲ್ಲಿ ಕಪ್ಪು ಕಾರು. ಕಡುಹಸಿರು ಎನ್ನುತ್ತಾಳೆ ನನ್ನ ಹೆಂಡತಿ. ಆ ಧೂಳಿನಲ್ಲಿ ಎರಡೂ ಒಂದೇ. ಅಮ್ಮತ್ತಿ ಕಡೆಯ ಎಸ್ಟೇಟೊಂದರ ಇಂಗ್ಲಿಷ್ ದೊರೆ ಸ್ವದೇಶಕ್ಕೆ ಹೊರಟಾಗ ಅದು ಇವರಿಗೆ ಬಂತಂತೆ. ಹೇಗೆ ಬಂತು ಎಂಬುದಕ್ಕೆ ಮೂರು ಕಥೆ ಕೇಳಿದ್ದೇನೆ. ದೊರೆಸಾನಿಗೆ ವಿಷಮಶೀತ ಜ್ವರ ಬಂದಾಗ ಇವರು ಹಾಸಿಗೆಯ ಪಕ್ಕದಿಂದ ಏಳದೆ ನೋಡಿಕೊಂಡರು, ಅದಕ್ಕೆ ಕೊಟ್ಟ ಎಂಬುದು ಒಂದು. ಬಳೆ ಮಾರಿ ಕೊಂಡರು ಎಂಬುದು ಇನ್ನೊಂದು. ಅವರನ್ನೇ ಕೇಳಿದರೆ, "ಕೆಟ್ಟು ನಿಂತಿತ್ತು ಮೇಷ್ಟ್ರೇ. ಬೇಕಾದ್ರೆ ತಗೊಂಡು ಹೋಗು ಅಂದ. ಎತ್ತು ಕಟ್ಟಿಸಿ ಎಳ್ಕೊಂಡು ಬಂದೆ" ಎನ್ನುತ್ತಿದ್ದರು. ಮೂರರಲ್ಲಿ ಇದೇ ನಿಜ ಎಂದು ನನಗೆ ಅನ್ನಿಸುವುದಕ್ಕೆ ಕಾರಣ, ಆ ಕಾರು ಆಮೇಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಡ್ರೈವಿಂಗ್ ಕಲಿಸಿದ್ದು ಎಸ್ಟೇಟಿನ ಲಾರಿ ಓಡಿಸುತ್ತಿದ್ದ, ಎಲ್ಲರೂ ಕಾಕ ಎಂದು ಕರೆಯುತ್ತಿದ್ದ ಮಲಯಾಳಿ. ರಿಪೇರಿ ಕಲಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಅದಕ್ಕೆ ಇವರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಕಾರಿನ ಮೇಲೂ ಪ್ರಯೋಗಿಸಿದರು. ರೇಡಿಯೇಟರಿನ ರಬ್ಬರ್ ಪೈಪು ಒಡೆದರೆ ಗಾಯಕ್ಕೆ ಹಚ್ಚುವ ಪ್ಲಾಸ್ಟರು ಸುತ್ತುವರು. ಪೆಟ್ರೋಲನ್ನು ಬ್ಯಾಂಡೇಜು ಬಟ್ಟೆಯಲ್ಲಿ ಸೋಸಿಯೇ ಹಾಕುವರು. ಒಮ್ಮೆ ಸೈಲೆನ್ಸರ್ ತೂತಾದಾಗ, ಮುರಿದ ಕಾಲಿಗೆ ಕಟ್ಟುವ ಸುಣ್ಣದ ಪಟ್ಟಿ ಕಟ್ಟಿ ಒಣಗಿಸಿದರು. ಸೇತುವೆ ತಲುಪುವುದರೊಳಗೆ ಅದು ಕಾದು ಸಿಡಿದು ಉದುರಿ, ಕಾರು ಊರಿಗೆಲ್ಲ ಕೇಳುವಂತೆ ಗುಡುಗುತ್ತಾ ವಾಪಸು ಬಂತು. ಇನ್ನೊಮ್ಮೆ ರೇಡಿಯೇಟರ್ ಸೋರುತ್ತದೆ ಎಂದು ನಮ್ಮ ಮನೆಯಿಂದ ರಾಗಿಹಿಟ್ಟು ಕೇಳಿ ತೆಗೆದುಕೊಂಡು ಹೋದರು. ತೂತು ಮುಚ್ಚಲು ಒಂದು ಹಿಡಿ ಸಾಕಾಗಿತ್ತು. ಶಿರಂಗಾಲದ ರಾಗಿಯ ಅಭಿಮಾನಕ್ಕೆ ನಾನು ಒಂದು ಪಾವು ತುಂಬಿ ಕೊಟ್ಟೆ. ಚೆಟ್ಟಳ್ಳಿ ರಸ್ತೆಯಲ್ಲಿ ಮುಚ್ಚಳ ಹಾರಿ, ಬಾನೆಟ್ಟಿನ ಮೇಲೆಲ್ಲ ಅಂಬಲಿ ಹರಿಯಿತು. ಕಾಕ ತನ್ನ ಲಾರಿ ನಿಲ್ಲಿಸಿ ಇಳಿದು, ಬೆರಳಲ್ಲಿ ಮುಟ್ಟಿ ಮೂಸಿ ನೋಡಿ, "ಉಪ್ಪು ಕಮ್ಮಿ ಸಿಸ್ಟರೇ" ಎಂದ.

ಅವರು ನಗಲಿಲ್ಲ. ಫುಟ್‌ಬೋರ್ಡಿನ ಮೇಲೆ ಕೂತು ಕಣ್ಣು ಮುಚ್ಚಿದರು. ಅದು ಅವರ ಭಂಗಿ. ಕಾರು ನಿಂತಾಗಲೆಲ್ಲ ಹಾಗೆ ಕೂತು, ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಲೆಯನ್ನು ಕಾರಿನ ಬಾಗಿಲಿಗೆ ಆನಿಸಿ ಸ್ವಲ್ಪ ಹೊತ್ತು ಇರುತ್ತಿದ್ದರು. ಸಿಟ್ಟು ಮಾಡಿದ್ದನ್ನು ನಾನು ಕಾಣೆ. ಆಮೇಲೆ ಎದ್ದು, ಎಂಜಿನ್ ಹತ್ತಿಸುವ ಹ್ಯಾಂಡಲನ್ನು ಮುಂದೆ ಸಿಕ್ಕಿಸಿ, "ಆಗ್ಲಿ, ಇನ್ನೊಂದ್ಸಲ" ಎನ್ನುವರು. ಗೋಡೆಯಾಚೆಯಿಂದ ಬೆಳಗಿನ ಜಾವ ನನಗೆ ಕೇಳಿಸುತ್ತಿದ್ದದ್ದು ಆ ಎರಡು ಮಾತು, ಹಿಂದೆಯೇ ಹ್ಯಾಂಡಲಿನ ಗರಗರ. ಹೆರಿಗೆ ಮನೆಯಲ್ಲೂ ಅವರು ಅದನ್ನೇ ಅದೇ ದನಿಯಲ್ಲಿ ಹೇಳುತ್ತಿದ್ದರು ಎಂದು ಹೆಂಗಸರು ಹೇಳಿದ ಮೇಲೆ ಗೊತ್ತಾಯಿತು.

ಶನಿವಾರಸಂತೆಯಲ್ಲಿ ಅವರ ಅಣ್ಣನ ದಿನಸಿ ಅಂಗಡಿ. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತ ತಂಗಿ ಮೈಸೂರಿಗೆ ಹೋಗಿ ಸೂಲಗಿತ್ತಿ ಕೆಲಸ ಕಲಿತದ್ದು ಅಣ್ಣನಿಗೆ ಹಿಡಿಸಿರಲಿಲ್ಲ. ಒಮ್ಮೆ ಅಣ್ಣ ನೆಲ್ಯಹುದಿಕೇರಿಗೆ ಬಂದಿದ್ದಾಗ ನಾನೂ ಅಲ್ಲಿದ್ದೆ. ಯಾವುದೋ ಲೈನಿನಿಂದ ಆಗ ತಾನೇ ಹೆರಿಗೆ ಮುಗಿಸಿ ಬಂದ ತಂಗಿಗೆ ಅಣ್ಣ, "ಸ್ನಾನ ಮಾಡಿ ಒಳಗ್ಬಾ, ಸೂತಕ" ಎಂದರು. ಇವರು ಕೊರಳಿನ ಕರಡಿಗೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, "ಲಿಂಗ ಕಟ್ಕೊಂಡೋರಿಗೆ ಎಂಥಾ ಸೂತಕ ಅಣ್ಣ? ನಿಂಗೆ ಹೇಳ್ಕೊಟ್ಟಿದ್ದ ಅಯ್ನೋರು ನಂಗೂ ಹೇಳ್ಕೊಟ್ಟಿದಾರೆ" ಎಂದು, ಹಾಗೇ ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಅಣ್ಣ ಆ ಕಾಫಿ ಕುಡಿದರು. ಕುಡಿಯುವಾಗ ಅವರ ಮುಖ ನೋಡಬೇಕಿತ್ತು.

ಈಗ ಡಬ್ಬದ ವಿಷಯ.

ಕಾರಿನ ಪೆಟ್ರೋಲ್ ಪಂಪು ಕೆಟ್ಟಿತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಎತ್ತಿ ಕೊಡುವ ಸಾಮಾನು ಅದು. ಅಷ್ಟು ಹಳೆಯ ಕಾರಿನ ಪಂಪು ಮಡಿಕೇರಿಯಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ. ನರ್ಸಮ್ಮ ಆಸ್ಪತ್ರೆಯ ಹಳೆಯ ಎನಿಮಾ ಡಬ್ಬವೊಂದನ್ನು ತೆಗೆದರು. ಬಿಳಿ ಪಿಂಗಾಣಿ ಬಳಿದದ್ದು, ತಳದಲ್ಲಿ ರಬ್ಬರ್ ನಳಿಗೆ. ಕಾರಿನೊಳಗೆ ಚಾವಣಿಗೆ ತೊಟ್ಟಿಲ ಸರಪಳಿಯ ಹಿತ್ತಾಳೆ ಕೊಕ್ಕೆಯೊಂದನ್ನು ಬಡಿಸಿ, ಡಬ್ಬವನ್ನು ಅದಕ್ಕೆ ತೂಗುಹಾಕಿ, ಪೆಟ್ರೋಲು ತುಂಬಿ, ನಳಿಗೆಯನ್ನು ಮುಂದಿನ ತೂತಿನಿಂದ ಎಂಜಿನ್ನಿಗೆ ಕೊಟ್ಟರು. ಮೇಲಿಂದ ಕೆಳಗೆ ತಾನಾಗಿ ಇಳಿಯುತ್ತಿತ್ತು. ಡಬ್ಬ ಎತ್ತರದಲ್ಲಿದ್ದರೆ ಕಾರು ಓಡುತ್ತದೆ, ಕೆಳಗಿಳಿದರೆ ನಿಲ್ಲುತ್ತದೆ. ಅಷ್ಟೇ ಯಂತ್ರಶಾಸ್ತ್ರ. ಕಾರಿನ ಹತ್ತಿರ ಯಾರೂ ಬೀಡಿ ಹಚ್ಚುವಂತಿರಲಿಲ್ಲ.

ಕಾಕ ಅದನ್ನು ನೋಡಿದ ದಿನ ರಸ್ತೆಯಲ್ಲೇ ಕೂಗಿದ: "ಎಂತ ಸಿಸ್ಟರೇ, ವಂಡಿಗೆ ಎನಿಮಾ ಕೊಟ್ರಾ? ಇನ್ನು ಓಡ್ತದೆ ನೋಡಿ!"

"ನಿನ್ನ ಲಾರಿಗೂ ಕೊಡ್ಬೇಕು ಕಾಕಾ. ಗುಡ್ಡ ಹತ್ತುವಾಗ ಬಹಳ ತಿಣುಕುತ್ತೆ."

ನಾನು ಆಗಾಗ ಆ ಕಾರಿನಲ್ಲಿ ಚೆಟ್ಟಳ್ಳಿಗೆ ಹೋಗಿದ್ದೇನೆ. ಡಬ್ಬ ಕೊಕ್ಕೆಗೆ ತೂಗಾಡುವುದನ್ನು ಸೀಟಿನಿಂದ ನೋಡುತ್ತಾ ಹೋದದ್ದು ಚೆನ್ನಾಗಿ ನೆನಪಿದೆ. ಇದರಲ್ಲಿ ಅನುಮಾನವಿಲ್ಲ. ಅದರ ಹಿಡಿಗೆ ಬ್ಯಾಂಡೇಜು ಬಟ್ಟೆ ದಪ್ಪಗೆ ಸುತ್ತಿದ್ದರು. ಕೊಕ್ಕೆಗೆ ತಾಗಿ ಸದ್ದಾಗದಿರಲಿ ಎಂದು ಇರಬೇಕು ಅಂದುಕೊಂಡಿದ್ದೆ.

ಪಂಪಿಗಿಂತ ಮೊದಲೇ ಹೋದದ್ದು ಒಂದನೇ ಗೇರು. ಅದರ ಹಲ್ಲು ಉದುರಿತ್ತು. ಸಮತಟ್ಟಿನಲ್ಲಿ ತೊಂದರೆಯಿಲ್ಲ, ತಳ್ಳಿಕೊಟ್ಟರೆ ಎರಡನೇ ಗೇರಿನಲ್ಲೇ ಹೊರಡುತ್ತಿತ್ತು. ಕಡಿದಾದ ಏರಿಗೆ ಮಾತ್ರ ಎರಡನೆಯದರಲ್ಲಿ ಶಕ್ತಿ ಸಾಲದು. ಶಕ್ತಿ ಉಳಿದಿದ್ದದ್ದು ರಿವರ್ಸಿನಲ್ಲಿ. ಅದಕ್ಕೆ ಏರು ಬಂದ ಕೂಡಲೇ ನರ್ಸಮ್ಮ ಕಾರನ್ನು ತಿರುಗಿಸಿ, ಹಿಂದುಮುಂದಾಗಿ ಹತ್ತಿಸುತ್ತಿದ್ದರು. ಕುತ್ತಿಗೆ ಹೊರಳಿಸಿ, ಒಂದು ಕೈಯನ್ನು ಸೀಟಿನ ಬೆನ್ನಿಗೆ ಹಾಕಿ, ಹಿಂದಿನ ಚಿಕ್ಕ ಗಾಜಿನಲ್ಲಿ ರಸ್ತೆ ನೋಡುತ್ತಾ. ಇದರಿಂದ ಆದ ಒಂದು ವಿಚಿತ್ರವೆಂದರೆ, ದಾರಿಯ ಅತಿ ಕಷ್ಟದ ಭಾಗದಲ್ಲೇ ಅವರ ಮುಖ ಹಿಂದಿನ ಸೀಟಿನ ರೋಗಿಯ ಕಡೆಗಿರುತ್ತಿತ್ತು.

ಅವರ ಕಾರಿನಲ್ಲಿ ಸುಮ್ಮನೆ ಕೂರುವವರು ಯಾರೂ ಇಲ್ಲ. ಗಂಡನಾದವನ ಕೆಲಸ ಕಲ್ಲು. ಹ್ಯಾಂಡ್ ಬ್ರೇಕ್ ಹೋಗಿ ವರ್ಷಗಳಾಗಿದ್ದವು, ಕಾಲಿನ ಬ್ರೇಕು ಏರಿನಲ್ಲಿ ಹಿಡಿಯುತ್ತಿರಲಿಲ್ಲ. ಫುಟ್‌ಬೋರ್ಡಿನ ಮೇಲೆ ಕಾಲ ಬಳಿ ಒಂದು ಗುಂಡುಕಲ್ಲು ಇಟ್ಟುಕೊಂಡು ನಿಂತಿರಬೇಕು, ಏರಿನಲ್ಲಿ ಕಾರು ನಿಂತರೆ ಹಾರಿ ಚಕ್ರಕ್ಕೆ ಒಡ್ಡಬೇಕು. ಅತ್ತೆಯಾದವಳಿಗೆ ಹಾರನ್. ಒತ್ತಿದರೆ ಭೋಂಕ್ ಎನ್ನುವ ರಬ್ಬರ್ ಬುರುಡೆ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅತ್ತೆ ಅಳೋದು ನಿಲ್ಲುತ್ತೆ, ದನಾನೂ ದಾರಿ ಬಿಡುತ್ತೆ" ಎಂದಿದ್ದರು.

ಒಂದು ಜನವರಿಯಲ್ಲಿ ಗಂಡನ ಕೆಲಸ ನನಗೆ ಬಂತು. ಚೊಚ್ಚಿಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ಅತ್ತೆ ಆ ವರ್ಷ ಕಾಲು ಮುರಿದುಕೊಂಡು ಮಲಗಿದ್ದರಿಂದ ಹೆಂಡತಿ ನನ್ನ ಹತ್ತಿರವೇ ಉಳಿದಿದ್ದಳು. ಶಿರಂಗಾಲದಿಂದ ಅವ್ವ ಬಂದಿದ್ದಳು. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು. ಗೋಡೆ ತಟ್ಟಿದೆ. ನರ್ಸಮ್ಮ ಆಗಷ್ಟೇ ಯಾವುದೋ ಲೈನಿನಿಂದ ಬಂದಿದ್ದರು. ಎರಡು ರಾತ್ರಿ ಅಲ್ಲೇ ಇದ್ದರಂತೆ. ಕಣ್ಣು ಕೆಂಪಗಿತ್ತು. ಒಳಗೆ ಹೋಗಿ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದು, ಬಾಗಿಲಿಗೆ ಒರಗಿ ನಿಂತರು.

"ಮೇಷ್ಟ್ರೇ, ಮಗು ಅಡ್ಡ ಇದೆ. ಇಲ್ಲಿ ನನ್ನ ಕೈಲಾಗಲ್ಲ. ಮಡಿಕೇರಿಗೆ ಹೋಗ್ಬೇಕು. ಡಾಕ್ಟ್ರ ಕೈಗೆ ಕೊಡೋವರೆಗೂ ಅವಳು ಮುಕ್ಕಬಾರದು. ಮುಕ್ಕಿದ್ರೆ ಇಬ್ರೂ ಉಳಿಯಲ್ಲ."

ಹೀಗೇ ಹೇಳಿದರು. ಮಾತು ಹಿಂದುಮುಂದಾಗಿರಬಹುದು, "ಇಬ್ರೂ" ಎಂದದ್ದು ಮಾತ್ರ ಸುಳ್ಳಲ್ಲ.

ಬಸ್ಸು ಹೋಗಿಯಾಗಿತ್ತು. ಕಾಕನ ಲಾರಿ ಕಾಫಿ ಹೇರಿಕೊಂಡು ಫ್ರೇಜರ್‌ಪೇಟೆಗೆ ಹೋಗಿತ್ತು. ಉಳಿದದ್ದು ಆ ಕಾರು. ಒಂದನೇ ಸಲ ಹ್ಯಾಂಡಲ್ ತಿರುಗಿಸಿದರು, ಇಲ್ಲ. ನಾನು ತಿರುಗಿಸಿದೆ, ಇಲ್ಲ. ಅವರು ಫುಟ್‌ಬೋರ್ಡಿನ ಮೇಲೆ ಕೂತು ಕಣ್ಣು ಮುಚ್ಚಿದರು. ನನಗೆ ಕೂಗಬೇಕೆನಿಸಿತು. ಈಗ ಕೂರುವ ಹೊತ್ತೇ? ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಅವರು ಎದ್ದು, "ಆಗ್ಲಿ, ಇನ್ನೊಂದ್ಸಲ" ಎಂದರು. ಹತ್ತಿಕೊಂಡಿತು.

ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಮಲಗಿಸಿದರು. ಅವಳ ಮೇಲೆ ಬಗ್ಗಿ ಏನೋ ಹೇಳುತ್ತಿದ್ದರು. ನಾನು ಹೊರಗೆ ಫುಟ್‌ಬೋರ್ಡಿನ ಮೇಲೆ, ಕಲ್ಲಿನ ಜೊತೆ. ಅವ್ವ ಮುಂದೆ, ಹಾರನ್ನಿನ ಜೊತೆ. ಅಲ್ಲಿಂದಾಚೆ ಕಾರಿನೊಳಗೆ ಏನಾಯಿತೆಂದು ನಾನು ಕಂಡಿಲ್ಲ. ನನ್ನ ಕಣ್ಣು ರಸ್ತೆಯ ಮೇಲೆ, ಕಿವಿ ಎಂಜಿನ್ನಿನ ಮೇಲೆ ಇದ್ದವು. ರಸ್ತೆಯ ಎರಡೂ ಕಡೆ ತೋಟದಲ್ಲಿ ಕಾಫಿ ಕೊಯ್ಯುವವರು ಬುಟ್ಟಿ ಇಳಿಸಿ ನಮ್ಮನ್ನು ನೋಡುತ್ತಿದ್ದರು.

ಮೊದಲನೇ ದೊಡ್ಡ ಏರಿನಲ್ಲಿ ಕಾರು ತಿರುಗಿ ಹಿಂದಕ್ಕೆ ಹತ್ತತೊಡಗಿದಾಗ ಅವ್ವ ಕಿರುಚಿದಳು: "ಅಯ್ಯೋ ಶಿವನೇ, ಮಗಾ, ಇದು ವಾಪಸ್ ಹೋಯ್ತಾ ಐತೆ ಕಣ್ಲಾ!"

"ಮುಂದಕ್ಕೇ ಹೋಗ್ತಿದೀವಿ ಅವ್ವಾ, ಕಾರು ಮಾತ್ರ ಹಿಂದಕ್ಕೆ. ನೀವು ಹಾರನ್ ಒತ್ತಿ" ಎಂದರು ನರ್ಸಮ್ಮ.

ಅವ್ವ ಒತ್ತಿದಳು. ಮಡಿಕೇರಿ ಬರುವವರೆಗೆ ಬಿಡಲಿಲ್ಲ.

ಅರ್ಧ ಏರಿನಲ್ಲಿ ಎಂಜಿನ್ ನಿಂತಿತು. ಹಾರಿದೆ. ಕಲ್ಲನ್ನು ಹಿಂದಿನ ಚಕ್ರದ ಹಿಂದೆ ಇಟ್ಟೆ. ಏರಿನಲ್ಲಿ ನಿಂತ ಬಂಡಿಗೆ ಹಿಂದೆ ತಾನೇ ಒಡ್ಡುವುದು? ಕಾರು ನನ್ನ ಕಲ್ಲನ್ನು ಬಿಟ್ಟು ಮುಂದಕ್ಕೆ, ಇಳಿಜಾರಿನ ಕಡೆಗೆ ಹೊರಟಿತು. ನರ್ಸಮ್ಮ ಸ್ಟೇರಿಂಗ್ ತಿರುಗಿಸಿ ರಸ್ತೆ ಬದಿಯ ಧರೆಗೆ ಒತ್ತಿಸಿ ನಿಲ್ಲಿಸಿದರು.

"ಕಾರಿನ ಹಿಂದೆ ಅಲ್ಲ ಮೇಷ್ಟ್ರೇ! ಇಳಿಜಾರಿನ ಕೆಳಗೆ!"

ಅದೇ ಉಸಿರಿನಲ್ಲಿ "ಕೈ!" ಎಂದು ಕೂಗಿದರು. ನಾನು ಚಕ್ರದಿಂದ ಕೈ ತೆಗೆದೆ. ಕಲ್ಲನ್ನು ಈಚೆಗೆ ತಂದು ಮುಂದಿನ ಚಕ್ರದ ಕೆಳಗೆ ಒಡ್ಡಿದೆ. ಹ್ಯಾಂಡಲ್ ತಿರುಗಿಸಿದೆ. ಹತ್ತಿಕೊಂಡಿತು. ಆಮೇಲೆ ಇನ್ನೆರಡು ಕಡೆ ಹಾಗೆಯೇ ಹಿಂದುಮುಂದಾಗಿ ಹತ್ತಿದೆವು, ಎಂಜಿನ್ ನಿಲ್ಲಲಿಲ್ಲ. ತೆರೆದ ಕಿಟಕಿಯಿಂದ ಅವರ ದನಿ ಒಂದೇ ಸಮನೆ ಕೇಳುತ್ತಿತ್ತು, ಜೋಗುಳದಷ್ಟು ತಗ್ಗಿದ ದನಿ. ಜೊತೆಗೆ ಪೆಟ್ರೋಲಿನ ವಾಸನೆ.

ಮಡಿಕೇರಿಯಲ್ಲಿ ಆಪರೇಷನ್ ಆಯಿತು. ಮಗಳು ಹುಟ್ಟಿದಳು. ನಾನು ಹೊರಗೆ ಬಂದು ನರ್ಸಮ್ಮನನ್ನು ಹುಡುಕಿದೆ. ಆಸ್ಪತ್ರೆಯ ಮುಂದೆ ಕಾರಿನ ಫುಟ್‌ಬೋರ್ಡಿನ ಮೇಲೆ ಕೂತು, ಬಾಗಿಲಿಗೆ ತಲೆ ಆನಿಸಿ, ಬಿಸಿಲಲ್ಲೇ ನಿದ್ದೆಹೋಗಿದ್ದರು. ಪಕ್ಕದಲ್ಲಿ ಅವ್ವ ನೊಣ ಓಡಿಸುತ್ತಾ ನಿಂತಿದ್ದಳು. ಎಬ್ಬಿಸಬೇಡ ಎಂದು ಕಣ್ಣಲ್ಲೇ ಹೇಳಿದಳು. (ಮೇಲೆ ಅವರು ನಿದ್ದೆ ಮಾಡಿದ್ದನ್ನು ನೋಡಿದ ನೆನಪಿಲ್ಲ ಎಂದು ಬರೆದೆ. ಇಲ್ಲಿ ನೋಡಿದ್ದೇನೆ. ಯಾವುದನ್ನು ತಿದ್ದಲಿ?)

ಕೊಡಗು ಮೈಸೂರಿಗೆ ಸೇರಿದ ಮೇಲೆ ಅವರಿಗೆ ವರ್ಗವಾಯಿತು. ಬಯಲುಸೀಮೆಯ ಯಾವುದೋ ಊರು. ಕಾರನ್ನು ಅಷ್ಟು ದೂರ ಒಯ್ಯುವಂತಿರಲಿಲ್ಲ. ಕಾಕನಿಗೆ ಕೊಟ್ಟರು. ಅವನು ಬಿಚ್ಚಲು ಕೂತ ದಿನ ನಾನೂ ಹೋಗಿದ್ದೆ. ಎಷ್ಟೋ ವರ್ಷ ಗೇಲಿ ಮಾಡಿದವನು ಅವತ್ತು ಒಂದೊಂದೇ ನಟ್ಟು ಬಿಚ್ಚಿ ಒರೆಸಿ ಇಡುತ್ತಿದ್ದ. ಅಚ್ಚು ಮತ್ತು ಚಕ್ರಗಳನ್ನು ನಮ್ಮಪ್ಪ ತೆಗೆದುಕೊಂಡರು. ಬಹಳ ಕಾಲ ಅದು ಶಿರಂಗಾಲದಲ್ಲಿ ಎತ್ತಿನ ಗಾಡಿಯಾಗಿ ರಾಗಿ ಹೊತ್ತಿತು. ಡಬ್ಬವನ್ನು ಕಾಕ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ಹಿಡಿಗೆ ಸುತ್ತಿದ್ದ ಬಟ್ಟೆ ಬೆವರಿಗೆ ಕಪ್ಪಾಗಿ ಗಟ್ಟಿಯಾಗಿತ್ತು. "ವಂಡಿ ಓಡಿದ್ದಲ್ಲ ಮೇಷ್ಟ್ರೇ, ಸಿಸ್ಟರ್ ಓಡಿಸಿದ್ದು" ಎಂದ. ಕೊಕ್ಕೆಗೆ ನೇತುಹಾಕುವ ಡಬ್ಬದ ಹಿಡಿ ಬೆವರಿನಿಂದ ಯಾಕೆ ಕಪ್ಪಾಗಬೇಕು ಎಂದು ಅವತ್ತು ನನಗೆ ಹೊಳೆಯಲಿಲ್ಲ. ಬೆವರೋ ಎಣ್ಣೆಯೋ, ನೋಡಿದವನು ನಾನು, ನಂಬುವುದು ಕಷ್ಟ.

ಇಷ್ಟು ಬರೆದು ಇವತ್ತು ಸಂಜೆ ಮತ್ತೆ ಹೆಂಡತಿಯ ಹತ್ತಿರ ಹೋದೆ. ಅವ್ವ ಬದುಕಿಲ್ಲ. ಇದ್ದಿದ್ದರೂ ಹಾರನ್ ಒಂದನ್ನೇ ಹೇಳುತ್ತಿದ್ದಳು. ಕೇಳಲು ಉಳಿದಿರುವುದು ಇವಳೊಬ್ಬಳೇ. ಮಾಡಿನ ಕೆಳಗೆ ಕೂತು ಹೂ ಕಟ್ಟುತ್ತಿದ್ದಳು.

"ಕೊಕ್ಕೆ ಇತ್ತೋ ಇಲ್ವೋ, ಅದೊಂದು ಹೇಳು."

"ಇತ್ತು. ಇಲ್ಲ ಅಂತ ಯಾವಾಗ ಅಂದೆ? ಮಲಗಿದ್ದೋಳಿಗೆ ನೆಟ್ಟಗೆ ಕಾಣೋದೇ ಅದು. ಹಿತ್ತಾಳೆದು."

"ಮತ್ತೆ ನೀನ್ಯಾಕೆ ಹಿಡ್ಕೊಂಡೆ?"

"ಹೊರಡೋ ಮುಂಚೆ ಆಯಮ್ಮ ಡಬ್ಬ ಬಿಚ್ಚಿ ನನ್ನ ಕೈಗೆ ಕೊಟ್ರು. 'ಕೊಕ್ಕೆ ಸಡಿಲ ಆಗಿದೆ ತಾಯಿ, ನೀನೇ ಎತ್ತಿ ಹಿಡ್ಕೋ. ಕೈ ಇಳಿಸಿದ್ರೆ ಕಾರು ನಿಲ್ಲುತ್ತೆ. ನೋವು ಬಂದಾಗ ಅದನ್ನೇ ನೋಡು, ಮುಕ್ಕಬೇಡ' ಅಂದ್ರು. ಏರಲ್ಲಿ ಒಂದ್ಸಲ ಕೈ ಸೋತು ಇಳಿಸ್ಬಿಟ್ಟೆ, ನಿಂತೇಹೋಯ್ತು. 'ಕೈ!' ಅಂತ ಗದರಿದ್ರು."

"ಅದು ನನಗೆ ಅಂದದ್ದು ಅಂದುಕೊಂಡಿದ್ದೆ."

"ನಿಮಗ್ಯಾಕೆ ಅಂತಾರೆ?"

ಅವಳು ಇನ್ನೊಂದು ಹೂ ಎತ್ತಿಕೊಂಡಳು. ನಾನೇ ಕೇಳಿದೆ, "ಆ ಕೊಕ್ಕೆ ನಿಜವಾಗ್ಲೂ ಸಡಿಲ ಆಗಿತ್ತಾ?"

"ಇಲ್ಲ" ಎಂದಳು. "ಕೈಗೆ ಕೊಟ್ಟ ಮೇಲೆ ನಾನು ಇನ್ನೊಂದು ಕೈಲಿ ಜಗ್ಗಿ ನೋಡಿದೆ. ಗಟ್ಟಿಯಾಗೇ ಇತ್ತು."

"ಗೊತ್ತಿದ್ದೂ ಅಷ್ಟು ದೂರ ಹಿಡ್ಕೊಂಡೆಯಾ?"

ಅವಳು ದಾರ ಎಳೆದು ಗಂಟು ಬಿಗಿದಳು.

"ಎರಡು ರಾತ್ರಿ ನಿದ್ದೆ ಕಾಣದೋರು. ಅಷ್ಟು ಸುಸ್ತಲ್ಲೂ ನನಗೋಸ್ಕರ ಒಂದು ಸುಳ್ಳು ಹೇಳಿದ್ರು. ಕೈ ಇಳಿಸೋಕೆ ಮನಸ್ಸಾಗ್ಲಿಲ್ಲ."